ಹದಿನೇಳನೆಯ ಮರದ ಗಾಯ

ಗರಗಸ ಮೇಲಿನಿಂದ ಬಿತ್ತು!

ನನ್ನ ಎಡಗಿವಿಯನ್ನು ಸವರಿಕೊಂಡೇ ಹೋಯಿತು. ಕಾಲ ಬಳಿ ಮಣ್ಣಿಗೆ ಹಲ್ಲೂರಿ ನಿಂತಿತು. ಹಿಡಿ ಇನ್ನೂ ನಡುಗುತ್ತಿತ್ತು.

ಒಂದು ಗೇಣು ಆಚೆ ನಿಂತಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ. ನಮ್ಮವರು ಒಂದೇ ದಿನ ಇಬ್ಬರಿಗಾಗಿ ಅಳಬೇಕಾಗುತ್ತಿತ್ತು.

ಏಕೆಂದರೆ ನಾನು ನಿಂತಿದ್ದದ್ದು ನನ್ನ ತಮ್ಮ ಸತ್ತ ಜಾಗದಲ್ಲಿ. ಅವನು ಹೋಗಿ ಇನ್ನೂ ಮೂರೂವರೆ ಗಂಟೆಯೂ ಆಗಿರಲಿಲ್ಲ.

ತಾಳಿ... ಮೊದಲಿನಿಂದ ಹೇಳುತ್ತೇನೆ.

ಆ ಬೆಳಿಗ್ಗೆ ನಾನು ಪ್ರಾರ್ಥನೆಗೆ ಕುಳಿತಿದ್ದೆ. ಫೋನ್ ಹೊಡೆದುಕೊಂಡಿತು. ಏಳಲಿಲ್ಲ. ಮತ್ತೆ ಹೊಡೆದುಕೊಂಡಿತು. ದೇವರ ಮುಂದೆ ಕುಳಿತವನು ಅರ್ಧಕ್ಕೆ ಏಳಬಾರದೆಂದು ನಮ್ಮ ತಾಯಿ ಕಲಿಸಿದ್ದಳು. ಮೂರನೆಯ ಸಲಕ್ಕೆ ಎದ್ದೆ.

"ಭಾವಾ..." ತಮ್ಮನ ಹೆಂಡತಿಯ ದನಿ. "ಇವರು ಹೋಗ್ಬಿಟ್ರು ಭಾವಾ."

"ಎಲ್ಲಿಗೆ?"

ನೋಡಿ, ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯ ಕ್ರೈಂ ವಿಭಾಗದಲ್ಲಿದ್ದವನು ನಾನು. ಎಷ್ಟೋ ಮನೆಗಳ ಬಾಗಿಲು ತಟ್ಟಿ ಇಂಥ ಸುದ್ದಿ ಮುಟ್ಟಿಸಿದ್ದೇನೆ. ನನ್ನ ಸರದಿ ಬಂದಾಗ ಕೇಳಿದ್ದು ಆ ಪೆದ್ದು ಪ್ರಶ್ನೆ... ಎಲ್ಲಿಗೆ?

"ಪಾರ್ಕಲ್ಲಿ ಕೊಂಬೆ ಬಿತ್ತಂತೆ. ನಮ್ಮ ಮರದ್ದೇ ಭಾವಾ... ಹದಿನೇಳನೇದು."

ಎಂಟೂಮುಕ್ಕಾಲಿಗೆ ನಾನು ಅಲ್ಲಿದ್ದೆ. ಹೆಣವನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಅಲ್ಲಿಗೆ ಹೋಗಿ ಅವನ ಮುಖ ನೋಡಬೇಕಿತ್ತು. ಹೋಗಲಿಲ್ಲ. ಗೇಟಿನ ಮೇಲಿದ್ದ ಒಂದು ಕಾಗದ ನನ್ನನ್ನು ತಡೆಯಿತು.

ಅದಕ್ಕೆ ಮೊದಲು ಆ ಬಡಾವಣೆಯ ಮಾತು ಹೇಳಬೇಕು. ಇಲ್ಲದಿದ್ದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ನಲವತ್ತು ಮನೆಗಳು. ಬಳೆಯ ಹಾಗೆ ದುಂಡಗೆ ಕಟ್ಟಿದ್ದು. ನಡುವೆ ಪಾರ್ಕು. ಪಾರ್ಕಿನ ಸುತ್ತ ಒಂದೊಂದು ಮನೆಯ ಎದುರಿಗೆ ಒಂದೊಂದು ಮರ, ಅದಕ್ಕೆ ತಗಡಿನ ನಂಬರು. ಮನೆಯ ನಂಬರೇ ಮರದ ನಂಬರು. ಕೊಂಬೆಗೆ ಕೊಂಬೆ ಹೆಣೆದುಕೊಂಡು ನಡುಮಧ್ಯಾಹ್ನದಲ್ಲೂ ಬಿಸಿಲು ನೆಲ ಮುಟ್ಟುವುದಿಲ್ಲ. ಹೊಸಬರು ಬಂದರೆ ಮೊದಲು ಆಡುವ ಮಾತು, "ಅಬ್ಬಾ, ಎಷ್ಟು ತಣ್ಣಗಿದೆ!"

ನನಗೆ ಆ ತಂಪು ಯಾವತ್ತೂ ಹಿಡಿಸಿರಲಿಲ್ಲ. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಯಾರೂ ಗಟ್ಟಿಯಾಗಿ ನಗುವುದಿಲ್ಲ. ಬೇಲಿಗಳೆಲ್ಲ ಸೊಂಟದೆತ್ತರ, ಒಂದೇ ಮಟ್ಟ. ಮತ್ತೆ ಪ್ರತಿಯೊಂದು ಕಿಟಕಿಯ ಪರದೆಯಲ್ಲೂ ಎರಡು ಬೆರಳಿನ ಸಂದು! ನೀವು ಬೀದಿಯಲ್ಲಿ ನಡೆದರೆ ಪರದೆಗಳು ನಿಮ್ಮ ಜೊತೆ ನಡೆಯುತ್ತವೆ.

ನನ್ನ ತಮ್ಮ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೆಂಡತಿಯ ಮನೆಗೆ ಬಂದು ನೆಲೆಸಿದವನು. ಹನ್ನೊಂದು ವರ್ಷದಿಂದ ಆ ಬಡಾವಣೆಯ ಚರಿತ್ರೆ ಬರೆಯುತ್ತಿದ್ದ. ಹೋದಾಗಲೆಲ್ಲ ನನ್ನ ಕಿವಿ ಕಚ್ಚುತ್ತಿದ್ದ.

"ಇದು ಅನುಮಾನದಲ್ಲಿ ಹುಟ್ಟಿದ ಜಾಗ ಕಣಣ್ಣ."

"ಹುಟ್ಟಲಿ ಬಿಡು. ಊಟಕ್ಕೆ ಏಳು."

"ಪೊಲೀಸ್ ಆಗಿ ಹೀಗಂತೀಯಲ್ಲ! ಕೇಳಿಲ್ಲಿ."

ಎಂಬತ್ತು ವರ್ಷದ ಹಿಂದೆ ಅಲ್ಲಿದ್ದದ್ದು ಇಟ್ಟಿಗೆ ಗೂಡು. ಯಜಮಾನ ಮಣ್ಣನ್ನೆಲ್ಲ ಬಗೆದು ಸುಟ್ಟು ಮಾರಿದ. ಮಣ್ಣು ಮುಗಿದ ಮೇಲೆ ಹಳ್ಳಗಳಿಗೆ ಬೂದಿ, ಒಡೆದ ಇಟ್ಟಿಗೆ ತುಂಬಿಸಿ ಸುತ್ತಲ ಜಾಗವನ್ನು ನಲವತ್ತು ಸೈಟು ಮಾಡಿ ಮಾರಿದ. ನಡುವಿನ ಜಾಗವನ್ನು ಪಾರ್ಕಿಗೆಂದು ಬಿಟ್ಟುಕೊಟ್ಟ. ಪತ್ರದಲ್ಲಿ ಒಂದೇ ಷರತ್ತು. ಸುತ್ತಲೂ ಮರಗಳಿರುವ ತನಕ ಆ ಜಾಗ ಎಲ್ಲರದು. ಮರಗಳೆಲ್ಲ ಹೋದ ದಿನ ಅದು ತಿರುಗಿ ಅವನ ಮನೆತನದ್ದು.

ಎಂಥ ದೊಡ್ಡ ಮನಸ್ಸು ಎಂದರು ಜನ. ಆದರೆ ಸುಟ್ಟ ಮಣ್ಣಿನಲ್ಲಿ ಗಿಡ ಬದುಕುವುದಿಲ್ಲವೆಂದು ಅವನಿಗೆ ಗೊತ್ತಿತ್ತು!

ಹದಿನೇಳನೆಯ ಮನೆಯಲ್ಲಿದ್ದ ಶಾಲೆಯ ಟೀಚರಮ್ಮನಿಗೂ ಗೊತ್ತಾಯಿತು. ನನ್ನ ತಮ್ಮನ ಹೆಂಡತಿಯ ಅಜ್ಜಿ ಆಕೆ. ನಲವತ್ತು ಮನೆಯವರೂ ಆಳುದ್ದದ ಗುಂಡಿ ತೋಡಿದರು. ಹೊಳೆಯ ದಂಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬಿದರು. ಪಾತ್ರೆ ತೊಳೆದ ನೀರು, ಮಗು ಮಿಂದ ನೀರು, ಎಲ್ಲ ಗಿಡದ ಬುಡಕ್ಕೆ. ಒಂದು ದಿನ ಯಜಮಾನನ ಆಳು ಕೊಡದಲ್ಲಿ ಉಪ್ಪುನೀರು ತಂದು ಸುರಿಯುವಾಗ ಸಿಕ್ಕಿಬಿದ್ದ. ಅಂದಿನಿಂದ ಕಿಟಕಿಯಲ್ಲಿ ಕಾವಲು. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಒಂದರಿಂದ ನಲವತ್ತರವರೆಗೆ ಮರ ಎಣಿಸುತ್ತಿದ್ದರಂತೆ.

"ಈಗಿನವರಿಗೆ ಕಾರಣ ಮರೆತುಹೋಗಿದೆ," ನನ್ನ ತಮ್ಮ ನಗುತ್ತಿದ್ದ. "ಇಣುಕೋದು ಮಾತ್ರ ಉಳಿದಿದೆ."

ಅದೇ ಯಜಮಾನನ ಮೊಮ್ಮಗ ಇಪ್ಪತ್ತಮೂರನೆಯ ಮನೆಯಲ್ಲಿದ್ದಾನೆ. ಹಲ್ಲಿನ ಡಾಕ್ಟರು. ಬಡಾವಣೆ ಸಂಘದ ಅಧ್ಯಕ್ಷ. ಅವನ ಮನೆಯೆದುರಿನ ಮರ ಆರು ವರ್ಷದ ಹಿಂದೆ ಒಣಗಿತ್ತು. ಹುಳ ಬಿತ್ತು ಅಂದಿದ್ದ.

ಈಗ ಆ ಕಾಗದದ ಮಾತು.

ನಲವತ್ತು ಗೇಟುಗಳ ಮೇಲೂ ಅದೇ ನೋಟಿಸು. ದುರಂತ ನಡೆದಿದೆ. ಹಳೆಯ ಮರಗಳು ಒಬ್ಬ ಹಿರಿಯರನ್ನು ಬಲಿ ತೆಗೆದುಕೊಂಡಿವೆ. ಹನ್ನೆರಡು ಗಂಟೆಗೆ ತುರ್ತು ಸಭೆ. ಎಲ್ಲ ಮರಗಳನ್ನು ತೆಗೆಸಲು ಒಪ್ಪಿಗೆ ನೀಡಬೇಕು. ನಾಳೆ ಬೆಳಿಗ್ಗೆ ಮಿಷಿನ್ ಬರುತ್ತದೆ.

ನನ್ನ ತಮ್ಮ ಬಿದ್ದದ್ದು ಆರೂವರೆಗೆ. ವಾಕಿಂಗ್ ಬಂದವರು ನೋಡಿದ್ದು ಏಳಕ್ಕೆ. ಎಂಟೂಮುಕ್ಕಾಲಿಗೆ ನೋಟಿಸು ಬರೆದು, ಪ್ರಿಂಟ್ ಮಾಡಿ, ಅಂಟಿಸಿ, ಮಿಷಿನ್ ಬುಕ್ ಮಾಡಿ ಆಗಿತ್ತು! ಒಂದು ಬೀದಿದೀಪದ ಬಲ್ಬು ಬದಲಾಯಿಸಲು ನಾಲ್ಕು ತಿಂಗಳು ಮೀಟಿಂಗ್ ಮಾಡಿದ ಜನ ಅವರು.

ಹನ್ನೊಂದು ವರ್ಷ ಆ ಮರಗಳನ್ನು ಕಾದವನ ಹೆಣವನ್ನು ಮುಂದಿಟ್ಟುಕೊಂಡು ಅವೇ ಮರಗಳನ್ನು ಕಡಿಯಲು ಹೊರಟಿದ್ದರು. ನನಗಿದ್ದದ್ದು ಮೂರು ಗಂಟೆ.

ಮರದ ಹತ್ತಿರ ಇನ್‌ಸ್ಪೆಕ್ಟರ್ ಸಿಕ್ಕ. ನನ್ನ ಕೈಕೆಳಗೆ ಕೆಲಸ ಕಲಿತವನು.

"ಒಣ ಕೊಂಬೆ ಸರ್. ಆಕ್ಸಿಡೆಂಟ್. ಕ್ಷಮಿಸಿ ಸರ್..."

"ಒಣ ಕೊಂಬೇಲಿ ಹಸಿರೆಲೆ ಹೇಗಪ್ಪ?"

ಅವನು ತಲೆ ತುರಿಸಿಕೊಂಡ. ಬೆಂಚು ಪುಡಿಯಾಗಿತ್ತು. ಎಲೆಯ ರಾಶಿ ಆಳೆತ್ತರ ಬಿದ್ದಿತ್ತು. ಕೊಂಬೆಯ ಬುಡದ ತುಂಡು ಮಾತ್ರ ಇರಲಿಲ್ಲ.

"ಅದೆಲ್ಲಿ?"

"ದಾರಿಗೆ ಅಡ್ಡ ಇತ್ತಂತೆ ಸರ್. ಸಂಘದವರು ಆಗಲೇ ಸಾಗಿಸಿದ್ದಾರೆ."

ಅವನಿಗೆ ಸ್ಟೇಷನ್ನಿಂದ ಕರೆ ಬಂತು, ಹೋದ. ನಾನು ಉಳಿದೆ. ಕನ್ನಡಕ ಒರೆಸಿಕೊಂಡು ತಲೆಯೆತ್ತಿದೆ.

ತಾನಾಗಿ ಮುರಿದ ಕೊಂಬೆ ತೊಗಟೆಯನ್ನು ಸೀಳಿಕೊಂಡು ಬೀಳುತ್ತದೆ. ಗಾಯ ಹರಕಲು ಮುರುಕಲಾಗಿರುತ್ತದೆ. ಇಲ್ಲಿ ಹಾಗಿರಲಿಲ್ಲ. ತಟ್ಟೆಯಂತೆ ದುಂಡಗೆ, ನುಣ್ಣಗೆ, ಕರ್ರಗೆ. ನೋಡುತ್ತಿದ್ದಂತೆ ಒಂದು ಹನಿ ನನ್ನ ಅಂಗಿಯ ತೋಳಿನ ಮೇಲೆ ಬಿತ್ತು. ಮೂಸಿದೆ. ಡಾಂಬರಿನ ವಾಸನೆ!

ಮರ ಸವರುವವರು ಕತ್ತರಿಸಿದ ಜಾಗ ಕೊಳೆಯದಿರಲೆಂದು ಹಚ್ಚುವ ಮುಲಾಮು ಅದು.

ತಾನಾಗಿ ಮುರಿದುಬಿದ್ದ ಕೊಂಬೆಗೆ ಮುಲಾಮು ಹಚ್ಚಿದವರು ಯಾರು?

ಆಗಲೇ ಗರಗಸ ಬಿದ್ದದ್ದು.

ಎಲೆಗಳ ನಡುವೆ ಎರಡು ಬರಿಗಾಲು ಕಂಡವು. ಮರುಕ್ಷಣ ಇರಲಿಲ್ಲ. ಹದಿನೆಂಟನೆಯ ಮರ ಅಲುಗಿತು...

"ಏಯ್! ನಿಲ್ಲೋ!"

ಅವನು ಮೇಲೆ, ನಾನು ಕೆಳಗೆ. ಅವನಿಗೆ ಕೊಂಬೆಯಿಂದ ಕೊಂಬೆಗೆ ದಾರಿ. ನನಗೆ ಅರವತ್ತೊಂಬತ್ತು ವರ್ಷ, ಒಂದು ಕೆಟ್ಟ ಮೊಣಕಾಲು. ಹತ್ತೊಂಬತ್ತು! ಇಪ್ಪತ್ತು! ಎಲೆಗಳು ಸುರಿಯುತ್ತಿದ್ದವು. ನಾನು ಆ ಎಲೆಗಳ ಜಾಡು ಹಿಡಿದು ಹುಲ್ಲಿನ ಮೇಲೆ ಬಿದ್ದು ಎದ್ದು ಓಡಿದೆ. ಪರದೆಗಳು ಸರಿದವು. ಒಂದು ಬಾಗಿಲೂ ತೆರೆಯಲಿಲ್ಲ. ಬೇಲಿ ಕತ್ತರಿಸುತ್ತಿದ್ದ ಮುದುಕನೊಬ್ಬ ಕತ್ತರಿ ಎತ್ತಿ ಕೂಗಿದ.

"ಹುಲ್ಲು ತುಳೀಬೇಡಿ ಸ್ವಾಮಿ!"

ಇಪ್ಪತ್ತೊಂದು. ಇಪ್ಪತ್ತೆರಡು.

ಇಪ್ಪತ್ತಮೂರು ಇರಲಿಲ್ಲ! ಅಲ್ಲಿದ್ದದ್ದು ಬರೀ ಬೊಡ್ಡೆ. ಮೇಲಿನ ದಾರಿ ಮುಗಿದಿತ್ತು. ಅವನು ದೊಪ್ಪನೆ ಕೆಳಗೆ ಹಾರಿದ, ಸೊಂಟದೆತ್ತರದ ಗೇಟು ನೆಗೆದ, ಅಧ್ಯಕ್ಷನ ಮನೆಯ ಪಕ್ಕದಿಂದ ಹಿತ್ತಲಿಗೆ ನುಗ್ಗಿ ಮಾಯವಾದ.

ಮುಖ ಕಂಡಿತು. ಅಳಿಲು. ಇಪ್ಪತ್ತು ವರ್ಷದಿಂದ ಆ ಮರಗಳನ್ನು ಸವರುವವನು. ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ, ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಬಾಗಿಲು ತೆರೆಯಿತು. ಬಿಳಿ ಕೋಟು ತೊಟ್ಟ ಅಧ್ಯಕ್ಷ ಮೆಟ್ಟಿಲ ಮೇಲೆ ನಿಂತಿದ್ದ.

"ಬನ್ನಿ, ಬನ್ನಿ. ಈ ವಯಸ್ಸಲ್ಲಿ ಓಡಬಾರದು."

"ಈಗ ನಿಮ್ಮ ಹಿತ್ತಲಿಗೆ ಓಡಿದವನು ಯಾರು?"

"ನಾನೇ ಹೇಳಿ ಕಳಿಸಿದ್ದೆ, ಇನ್ನೇನಾದ್ರೂ ಅಪಾಯ ಇದೆಯಾ ನೋಡು ಅಂತ. ನಿಮ್ಮ ಕೂಗಿಗೆ ಹೆದರಿರಬೇಕು ಪಾಪ. ಕೂತ್ಕೊಳ್ಳಿ. ಬಾಯಿ ಒಣಗಿದೆ."

ಬಾಯಿ ತೆರೆದು ಕುಳಿತವರ ಜೊತೆ ಮಾತಾಡಿ ರೂಢಿಯಾದ ದನಿ. ಮೆತ್ತಗೆ. ಉತ್ತರ ಬೇಡದ ದನಿ.

"ಡಾಕ್ಟ್ರೇ, ನನ್ನ ತಮ್ಮನ ಹತ್ರ ಕೊನೆಗೆ ಮಾತಾಡಿದ್ದು ಯಾವಾಗ?"

"ತಿಂಗಳ ಮೇಲಾಯ್ತು. ಮರದ ವಿಷಯಕ್ಕೆ ನಮ್ಮಲ್ಲಿ ಮಾತೇ ನಿಂತಿತ್ತು. ಅದೇ ನನಗೀಗ ಸಂಕಟ."

"ಆ ಕೊಂಬೇನ ಯಾರೋ ಕೊಯ್ದಿದ್ದಾರೆ."

ಅವನು ನಕ್ಕ. ಹಲ್ಲುಗಳು ಬಹಳ ಚೆನ್ನಾಗಿದ್ದವು.

"ದುಃಖದಲ್ಲಿ ಏನೇನೋ ಕಾಣುತ್ತೆ. ನಿಮ್ಮ ತಮ್ಮನ ಹೆಂಡತಿ ಇನ್ಮೇಲೆ ಒಂಟಿ ಹೆಂಗಸು. ಮನೆ ಎದುರಿಗೇ ಅಷ್ಟು ದೊಡ್ಡ ಮರ. ನಾಳೆ ಅದು ಮನೆ ಕಡೆಗೇ ವಾಲಿದರೆ? ಯೋಚನೆ ಮಾಡಿ. ಹಾಳಾದ್ದನ್ನ ಕಿತ್ತರೆ ಸ್ವಲ್ಪ ನೋವಾಗುತ್ತೆ, ಅಷ್ಟೆ."

"ಹೆದರಿಸ್ತಿದ್ದೀರಾ?"

"ಛೆ, ಛೆ! ನೆರೆಹೊರೆ ಅಂದ್ಮೇಲೆ ಕಾಳಜಿ ಇರಲ್ವೆ?"

ಅಲ್ಲಿಂದ ನೇರ ಹದಿನೇಳನೆಯ ಮನೆಗೆ ಬಂದೆ. ತಮ್ಮನ ಹೆಂಡತಿ ಅವನ ಮೇಜಿನ ಮುಂದೆ ಕುಳಿತಿದ್ದಳು. ಅಳು ಮುಗಿದಿತ್ತು. ಕೆಂಪು ಕಣ್ಣುಗಳು ಕಿಟಕಿಯ ಕಡೆಗಿದ್ದವು.

"ಅವನು ಅಷ್ಟು ಬೆಳಿಗ್ಗೆ ಯಾಕೆ ಹೋದನಮ್ಮ?"

"ನಿನ್ನೆ ಸಂಜೆ ಫೋನ್ ಬಂತು ಭಾವ. ಎತ್ತಿದ್ದು ನಾನೇ. ಅಧ್ಯಕ್ಷರು. ‘ಮೇಷ್ಟ್ರನ್ನ ಕರೀರಿ, ನಿಮ್ಮ ಮರಕ್ಕೆ ಏನೋ ಕಾಯಿಲೆ ಬಂದ ಹಾಗಿದೆ, ಬೆಳಿಗ್ಗೆ ಆರೂವರೆಗೆ ಬೆಂಚಿನ ಹತ್ರ ಸಿಗೋಣ’ ಅಂದ್ರು. ಇವರಿಗೆ ಎಷ್ಟು ಖುಷಿ! ಕೊನೆಗೂ ಮರದ ಮೇಲೆ ಕರುಣೆ ಬಂತಲ್ಲ ಅಂತ. ಮರ ಅಳೆಯೋ ಟೇಪ್ ತಗೊಂಡು ಕಾಫಿ ಕೂಡ ಕುಡೀದೆ ಹೋದ್ರು."

ಒಂದು ತಿಂಗಳಿಂದ ಮಾತೇ ಇಲ್ಲ ಎಂದವನು!

"ಈ ಮಾತು ಇನ್ಯಾರಿಗಾದ್ರೂ ಹೇಳಿದ್ದೀಯಾ?"

"ಯಾರು ಕೇಳಿದ್ರು? ಎಲ್ಲ ಬಂದ್ರು, ನಿಂತ್ರು, ನೋಡ್ಕೊಂಡು ಹೋದ್ರು."

ಹನ್ನೊಂದು ಗಂಟೆ. ಅಳಿಲು ಎಲ್ಲಿರಬಹುದು? ಓಡಿಹೋಗುವವನು ಉಪಕರಣ ಬಿಟ್ಟು ಹೋಗುವುದಿಲ್ಲ. ಅದೇ ಅವನ ಅನ್ನ. ಪಾರ್ಕಿನ ಮೂಲೆಯಲ್ಲಿ ಹಳೆಯ ಇಟ್ಟಿಗೆ ಗೂಡಿನ ಒಂದು ಕೋಣೆ ಉಳಿದುಕೊಂಡಿದೆ. ಅವನ ಹಗ್ಗ, ಗರಗಸ, ಏಣಿ ಅಲ್ಲಿರುತ್ತವೆ. ಬಾಗಿಲು ಒದ್ದೆ.

ಅವನು ಹಗ್ಗದ ಸಿಂಬೆಯ ಮೇಲೆ ಕುಳಿತಿದ್ದ. ಕೈಯಲ್ಲಿ ಬಾಗಿದ ಚಾಕು.

"ಹತ್ರ ಬರ್ಬೇಡಿ ಸಾರ್! ಚುಚ್ಚಿಬಿಡ್ತೀನಿ!"

"ಚುಚ್ಚು. ಬೆಳಿಗ್ಗೆಯಿಂದ ಒಂದು ಆಯ್ತು. ಇನ್ನೊಂದು ಆಗಲಿ."

ಚಾಕು ತಾನಾಗಿ ಕೆಳಗಿಳಿಯಿತು.

"ನಾ ಬೇಕೂಂತ ಮಾಡ್ಲಿಲ್ಲ ಸಾರ್. ಅವ್ರು ಹೇಳಿದ್ರು... ಒಂದು ಕೊಂಬೆ ಬೆಂಚಿನ ಮೇಲೆ ಬೀಳ್ಲಿ, ಜನ ಹೆದರ್ಲಿ, ಸರಿಯಾಗಿ ಆರೂವರೆಗೆ ಬೀಳ್ಬೇಕು ಅಂತ. ಹತ್ತೋವಾಗ ಬೆಂಚು ಖಾಲಿ ಇತ್ತು. ಮೇಲಿಂದ ಎಲೆ ಬಿಟ್ರೆ ಏನೂ ಕಾಣಲ್ಲ."

"ಕೂಗಿದೆಯಾ?"

ಅವನು ತಲೆ ತಗ್ಗಿಸಿದ.

ತಮ್ಮನ ಮನೆಗೆ ಹೋದಾಗಲೆಲ್ಲ ನಾನು ಕೇಳಿದ್ದೇನೆ. ಕೊಂಬೆ ಬೀಳಿಸುವ ಮೊದಲು ಮೂರು ಸಲ ಕೂಗು... "ಕೆಳಗೆ ಯಾರು?" ಮೂರು ಸಲವೂ ಉತ್ತರ ಬಾರದಿದ್ದರೆ ಮಾತ್ರ ಕೊನೆಯ ಎಳೆತ. ಚಿಕ್ಕ ರೆಂಬೆಯಾದರೂ ಅವನು ಕೂಗದೆ ಬೀಳಿಸಿದವನಲ್ಲ.

"ಕೂಗ್ಬೇಡ, ಜನ ಏಳ್ತಾರೆ ಅಂದಿದ್ರು ಸಾರ್. ಇಪ್ಪತ್ತು ವರ್ಷದಲ್ಲಿ ಇದೊಂದೇ ಸಲ..."

"ಬಿದ್ದ ಮೇಲೆ?"

"ಗಾಯಕ್ಕೆ ಮುಲಾಮು ಹಚ್ಚಿದೆ."

"ಮುರಿದು ಬಿದ್ದ ಹಾಗೆ ಕಾಣ್ಬೇಕು ಅಂತ ಹೇಳಿರ್ಲಿಲ್ವಾ ಅವನು?"

"ಹೇಳಿದ್ರು. ಆದ್ರೆ ಹಂಗೇ ಬಿಡೋಕೆ ಆಗಲ್ಲ ಸಾರ್. ಮಳೆ ನೀರು ಇಳಿದ್ರೆ ಮರ ಕೊಳೀತದೆ. ಎರಡು ಸಲ ಹಚ್ಬೇಕು. ಕೈ ತಾನಾಗೇ ಹಚ್ತು."

"ಎಷ್ಟು ಹೊತ್ತು?"

"ಹತ್ತು ನಿಮಿಷ..."

ಹತ್ತು ನಿಮಿಷ. ಅವನು ಮೇಲೆ ಕುಳಿತು ಮರದ ಗಾಯಕ್ಕೆ ಮದ್ದು ಹಚ್ಚುತ್ತಿದ್ದ. ನನ್ನ ತಮ್ಮ ಕೆಳಗೆ ಎಲೆಗಳಡಿಯಲ್ಲಿದ್ದ.

"ಇಳಿದಾಗ ಎಲೆ ಒಳಗಿಂದ ಕೈ ಕಾಣಿಸ್ತು ಸಾರ್. ಟೇಪ್ ಹಿಡಿದಿತ್ತು."

"ಉಸಿರು?"

ನಾನು ಅವನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಒತ್ತಿದೆ.

"ಉಸಿರಿತ್ತೇನೋ!"

"ಇತ್ತು ಸಾರ್! ಅಧ್ಯಕ್ಷರ ಮನೆಗೆ ಓಡ್ದೆ. ಡಾಕ್ಟ್ರಲ್ವಾ ಅವ್ರು! ಬಂದ್ರು, ಬಗ್ಗಿ ನೋಡಿದ್ರು. ‘ನಾನು ನೋಡ್ಕೋತೀನಿ, ನೀನು ಹೋಗು’ ಅಂದ್ರು. ಆಂಬುಲೆನ್ಸ್ ಬರುತ್ತೆ ಅಂತ ಕಾದೆ... ಬರ್ಲೇ ಇಲ್ಲ. ಅವ್ರು ಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಆಮೇಲೆ ನನ್ನ ಕರೆಸಿ, ಮುಲಾಮು ಕೆರೆದು ಗರಗಸದ ಹಲ್ಲಲ್ಲಿ ಕೆದರು, ಮುರಿದ ಹಾಗೆ ಮಾಡು ಅಂದ್ರು. ಹತ್ತಿದೆ. ಕೆಳಗೆ ನೀವು... ಅದೇ ಮೇಷ್ಟ್ರ ಮುಖ ನೋಡಿದ ಹಾಗಾಯ್ತು. ಗರಗಸ ಜಾರ್ತು."

ಜಾರಿತೋ, ಬಿಟ್ಟನೋ... ಇವತ್ತಿಗೂ ನನಗೆ ಪೂರ್ತಿ ನಂಬಿಕೆಯಿಲ್ಲ.

ನನ್ನ ಕೈ ಅವನ ಕುತ್ತಿಗೆಯ ಮೇಲಿತ್ತು. ಬೆರಳು ಬಿಗಿಯುತ್ತಿತ್ತು. ಅವನು ಬಿಡಿಸಿಕೊಳ್ಳಲು ನೋಡಲೂ ಇಲ್ಲ. ಭಗವಂತನ ಹೆಸರು ಹೇಳಿಕೊಂಡೆ. ಒಂದು ಸಲ ಸಾಲಲಿಲ್ಲ. ಮೂರು ಸಲ ಹೇಳಿದ ಮೇಲೆ ಬೆರಳು ಸಡಿಲವಾಯಿತು.

"ಏಳು. ಕೂಗದೆ ಬಿಟ್ಟೆಯಲ್ಲ. ಈಗ ಕೂಗು ಬಾ. ನಲವತ್ತು ಮನೆಯವರ ಮುಂದೆ."

"ಜೈಲಿಗೆ ಹಾಕ್ತಾರಲ್ಲ ಸಾರ್?"

"ಹಾಕ್ತಾರೆ."

ಅವನು ಕೈಯ ಡಾಂಬರನ್ನು ಚಡ್ಡಿಗೆ ಒರೆಸಿಕೊಂಡು ಎದ್ದ.

ಸಂಘದ ಹಾಲ್ ತುಂಬಿತ್ತು. ನಮ್ಮ ಹಿಂದೆಯೇ ಇನ್‌ಸ್ಪೆಕ್ಟರ್ ಬಂದ, ನಾನೇ ಫೋನ್ ಮಾಡಿದ್ದೆ. ವೇದಿಕೆಯ ಮೇಲೆ ನನ್ನ ತಮ್ಮನ ಫೋಟೋ. ಪಕ್ಕದಲ್ಲಿ ಅಧ್ಯಕ್ಷ.

"...ಮೇಷ್ಟ್ರು ನಮ್ಮೆಲ್ಲರ ಅಣ್ಣನ ಹಾಗಿದ್ದರು. ಇನ್ನೊಂದು ಜೀವ ಹೋಗಬಾರದು. ಮರ ತೆಗೆಸೋಕೆ ಒಪ್ಪಿಗೆ ಇರೋರು ದಯವಿಟ್ಟು ಕೈ ಎತ್ತಿ."

ಕೈಗಳು ಏಳತೊಡಗಿದವು. ಹತ್ತು... ಹದಿನೈದು... ಒಬ್ಬೊಬ್ಬರೂ ಪಕ್ಕದವರನ್ನು ಓರೆಗಣ್ಣಿನಿಂದ ನೋಡಿ ಎತ್ತುತ್ತಿದ್ದರು.

"ಒಂದು ನಿಮಿಷ!" ಎಂದೆ. "ಅಧ್ಯಕ್ಷರೇ, ನನ್ನ ತಮ್ಮನ ಹತ್ರ ಕೊನೆಗೆ ಯಾವಾಗ ಮಾತಾಡಿದ್ರಿ ಅಂತ ಇವರಿಗೂ ಹೇಳಿ."

"ಆಗಲೇ ಹೇಳಿದೆನಲ್ಲ. ತಿಂಗಳ ಮೇಲಾಯ್ತು. ದಯವಿಟ್ಟು ಕೂತ್ಕೊಳ್ಳಿ, ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ."

ಮುಂದಿನ ಸಾಲಿನಿಂದ ನನ್ನ ತಮ್ಮನ ಹೆಂಡತಿ ಎದ್ದಳು.

"ಫೋನ್ ಎತ್ತಿದ್ದು ನಾನೇ ಅಲ್ವಾ ಡಾಕ್ಟ್ರೇ? ನಿನ್ನೆ ಸಂಜೆ. ಇವರನ್ನ ಕರೆಸಿ ಬೆಂಚಿನ ಹತ್ರ ಆರೂವರೆಗೆ ಸಿಗೋಣ ಅಂದ್ರಲ್ಲ. ಮರಕ್ಕೆ ಕಾಯಿಲೆ ಅಂದ್ರಲ್ಲ."

ಅಧ್ಯಕ್ಷನ ಕೈ ಬಿಳಿ ಕೋಟಿನ ಮೇಲೆ ಸುಮ್ಮನೆ ಗುಂಡಿ ಹುಡುಕಿತು.

"ಆ ತಾಯಿಗೆ ಆಘಾತ ಆಗಿದೆ..."

"ಕೊಂಬೆ ಕೊಯ್ದದ್ದು ನಾನು!"

ಅಳಿಲಿನ ಕೂಗಿಗೆ ಕಿಟಕಿಯ ಗಾಜು ಅದುರಿತು. ಇಪ್ಪತ್ತು ವರ್ಷ ಮರದ ತುದಿಯಿಂದ ನೆಲಕ್ಕೆ ಕೂಗಿದ ಗಂಟಲು ಅದು. ಎಲ್ಲ ಹೇಳಿದ. ಹೊತ್ತು ಹೇಳಿದ, ಮುಲಾಮು ಹೇಳಿದ, ಉಸಿರು ಹೇಳಿದ, ಹಾಕಿಕೊಂಡ ಬಾಗಿಲು ಹೇಳಿದ.

ಎತ್ತಿದ ಕೈಗಳು ಒಂದೊಂದಾಗಿ ಇಳಿದವು.

ಆಗ ಹಿಂದಿನ ಸಾಲಿನಿಂದ ಒಂದು ಮುದುಕಿಯ ದನಿ. "ಆರೂಮುಕ್ಕಾಲಿಗೆ ಇವರು ಮೇಷ್ಟ್ರ ಮೇಲೆ ಬಗ್ಗಿ ನಿಂತಿದ್ದನ್ನ ನಾನು ನೋಡ್ದೆ."

"ನಾನೂ ನೋಡ್ದೆ," ಇನ್ನೊಬ್ಬರು.

"ನಮ್ಮ ಕಿಟಕಿಯಿಂದಲೂ..."

ಒಬ್ಬರಲ್ಲ, ಇಬ್ಬರಲ್ಲ. ಏಳು ಕಿಟಕಿ! ಏಳು ಜನ ನೋಡಿದ್ದರು. ಡಾಕ್ಟರು ಇದ್ದಾರಲ್ಲ, ನಮಗೇಕೆ ಅಂದುಕೊಂಡಿದ್ದರು. ಒಬ್ಬರಾದರೂ ಮೆಟ್ಟಿಲಿಳಿದು ಬಂದಿದ್ದರೆ...

ಅಧ್ಯಕ್ಷ ಪಕ್ಕದ ಬಾಗಿಲಿಗೆ ನುಗ್ಗಿದ. ನಾನು ಕಾಲು ಅಡ್ಡ ಕೊಟ್ಟೆ, ಆ ಕೆಟ್ಟ ಮೊಣಕಾಲನ್ನೇ. ನನಗೂ ಜೀವ ಹೋದಂತಾಯಿತು. ಅವನು ಮುಖ ಕೆಳಗಾಗಿ ಬಿದ್ದ. ಎದ್ದಾಗ ಮುಂದಿನ ಎರಡು ಹಲ್ಲು ಇರಲಿಲ್ಲ.

"ಸ್ವಲ್ಪ ನೋವಾಗುತ್ತೆ," ಎಂದೆ. "ಅಷ್ಟೆ."

ಇನ್‌ಸ್ಪೆಕ್ಟರ್ ಇಬ್ಬರನ್ನೂ ಜೀಪಿಗೆ ಹತ್ತಿಸಿದ. ನಾಳೆಯ ಮಿಷಿನ್ ಬೇಡವೆಂದು ಯಾರೋ ಫೋನ್ ಮಾಡಿದರು. ಮೂವತ್ತೊಂಬತ್ತು ಮರಗಳು ನಿಂತಲ್ಲೇ ನಿಂತವು.

ನಾನು ಆಸ್ಪತ್ರೆಗೆ ಹೋದೆ. ಕೊನೆಗೂ ಅವನ ಮುಖ ನೋಡಿದೆ. ಕೂದಲಲ್ಲಿ ಒಂದು ಹಸಿರೆಲೆ ಸಿಕ್ಕಿಕೊಂಡಿತ್ತು. ತೆಗೆಯಲು ಹೋದೆ, ಮನಸ್ಸು ಬರಲಿಲ್ಲ. ಹಾಗೇ ಬಿಟ್ಟು ಅವನ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ.

ಭಗವಂತಾ, ಬೆಳಿಗ್ಗೆ ನಿನ್ನ ಮುಂದೆ ಕುಳಿತಾಗ ನನ್ನ ತಮ್ಮ ಆಗಲೇ ನಿನ್ನ ಹತ್ತಿರ ಬಂದಿದ್ದ. ನನಗೆ ಒಂದು ಮಾತು ಹೇಳಲಿಲ್ಲ ನೀನು. ಇರಲಿ. ಅವನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ, ಕರೆದವರನ್ನೆಲ್ಲ ನಂಬಿ ಹೋದವನು. ಅವನ ಆತ್ಮಕ್ಕೆ ಶಾಂತಿ ಕೊಡು. ಕಾಫಿ ಕುಡಿಯದೆ ಬಂದಿದ್ದಾನೆ, ಬಳಲಿದ್ದಾನೆ, ನೆರಳಿರುವ ಕಡೆ ಕೂರಿಸು.

ಅವನ ಮೇಲೆ ಇನ್ನು ಕಣ್ಣಿಡಬೇಕಾಗಿಲ್ಲ. ಆ ಕಣ್ಣನ್ನು ನಮ್ಮ ಮೇಲಿಡು... ಸುಮ್ಮನೆ ನೋಡುತ್ತಾ ಮಾತ್ರ ಕೂರಬೇಡ, ಅಷ್ಟು ಮಾಡಲು ನಲವತ್ತು ಮನೆಗಳಿವೆ.